ಕೋರೆಯವರಿಗೆ ಬಿಲ್ಲು ಇಲ್ಲ

ರಟ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ಹೆಸರಿನಿಂದ ಕೂಗಿದರೆ ಅವರು ತಿರುಗಿ ನೋಡುವುದಿಲ್ಲ. ಹರಿದ ಪುಸ್ತಕಗಳಿಗೆ, ಕಚೇರಿಯ ರಿಜಿಸ್ಟರುಗಳಿಗೆ, ಕಾಲೇಜಿನವರ ಪ್ರಬಂಧಗಳಿಗೆ ರಟ್ಟು ಕಟ್ಟುವುದು ಅವರ ಕೆಲಸ. ಅವರ ತಂದೆಯದೂ ಅದೇ ಕೆಲಸವಾಗಿತ್ತು. ವಯಸ್ಸು ಐವತ್ತೆರಡು. ಮದುವೆಯಾಗಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದಾರೆ. ಅಕ್ಕ ಮಹಡಿ ಮೆಟ್ಟಿಲಿನಿಂದ ಬಗ್ಗಿ, “ಲೋ ತಮ್ಮಾ, ಊಟ ಆರಿ ತಣ್ಣಗಾಯ್ತು. ಆ ಪುಸ್ತಕಾನೇ ತಿನ್ಕೊಂಡು ಬಿದ್ಕೋ” ಎಂದು ದಿನಕ್ಕೊಮ್ಮೆಯಾದರೂ ಕೂಗುತ್ತಾರೆ.

ಅಂಗಡಿ ಉದ್ದನೆಯ ಒಂದೇ ಕೋಣೆ. ಎಡಗೋಡೆಯಲ್ಲಿ ಕಿಟಕಿ ಇದೆ. ಅದರ ಬೆಳಕಿನಲ್ಲಿ ಹಾಳೆ ಮಡಿಚುವ ಮೇಜು ಮತ್ತು ಹೊಲಿಯುವ ಚೌಕಟ್ಟು. ಅಲ್ಲಿ ಕೂರುವವಳು ಸೂಜಿಯಕ್ಕ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದರೆ ಹದಿನಾರು ಪುಟವಾಗುತ್ತದೆ. ಅದಕ್ಕೆ ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಬೆನ್ನಿನಲ್ಲಿ ಹೊಲಿಯಬೇಕು. ಸೂಜಿಯಕ್ಕ ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ಅವಳಿಗಿಂತ ಮೊದಲು ಅವಳ ಅಮ್ಮ ಅದೇ ಸ್ಟೂಲಿನ ಮೇಲೆ ಕೂತು ಅದನ್ನೇ ಮಾಡುತ್ತಿದ್ದರು.

ಬಲಗೋಡೆಗೆ ಕಟಿಂಗ್ ಮಷಿನ್ ಇದೆ. ಎದೆಯೆತ್ತರದ ಕಬ್ಬಿಣದ ಯಂತ್ರ. ಹೊಲಿದ ಪುಸ್ತಕದ ಮೂರು ಅಂಚುಗಳನ್ನು ಅದರಲ್ಲಿ ಸಮ ಮಾಡುತ್ತಾರೆ. ಮೇಲಿನ ಚಕ್ರ ತಿರುಗಿಸಿದರೆ ಕಾಗದದ ಕಟ್ಟು ಒತ್ತಿ ನಿಲ್ಲುತ್ತದೆ. ಪಕ್ಕದ ಉದ್ದನೆಯ ಲಿವರ್ ಎಳೆದರೆ ಬ್ಲೇಡು ಇಳಿಯುತ್ತದೆ. ಲಿವರಿಗೊಂದು ಕೊಕ್ಕೆ ಇದೆ. ಕಟ್ಟು ಸರಿಮಾಡಲು ಕೈ ಒಳಗೆ ಹಾಕುವ ಮೊದಲು ಕೊಕ್ಕೆ ಹಾಕಬೇಕು. ಯಾರ ಕೈ ಒಳಗೆ ಹೋಗಿದೆಯೋ ಅವರೇ ಆಮೇಲೆ ಕೊಕ್ಕೆ ತೆಗೆಯಬೇಕು, ಬೇರೆಯವರು ತೆಗೆಯಬಾರದು. ಕಟಿಂಗ್ ಗೊತ್ತಿರುವ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ.

ಸೂಜಿಯಕ್ಕನ ಅಮ್ಮ ಹಿಂದೆ ಆ ಮಷಿನ್ನಿನ ಕೆಲಸ ಕಲಿತಿದ್ದರಂತೆ. ಒಂದು ದಿನ ಕೊಕ್ಕೆ ಹಾಕಲು ಮರೆತರು, ಲಿವರ್ ತಾನಾಗಿ ಬಿತ್ತು, ಎಡಗೈಯ ಎರಡು ಬೆರಳು ಅರ್ಧಕ್ಕೆ ಹೋದವು. ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಬಂತು. ಹೆಣ್ಣುಮಕ್ಕಳು ಎಡಗೋಡೆಗೆ, ಮಷಿನ್ ಗಂಡಸರಿಗೆ. ಇದು ಎಲ್ಲರಿಗೂ ಗೊತ್ತಿದ್ದ ಕಥೆ. ಸೂಜಿಯಕ್ಕನಿಗೂ ಹೀಗೆಂದೇ ಗೊತ್ತಿತ್ತು.

ಇನ್ನು ಆಟದ ವಿಷಯ ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಒಬ್ಬರು ಪರದೇಶದ ಒಂದು ದಪ್ಪ ಪುಸ್ತಕವನ್ನು ಹೊಸ ರಟ್ಟು ಹಾಕಿಸಲು ಕೊಟ್ಟು ಹೋದರು. ತಿರುಗಿ ಬರಲೇ ಇಲ್ಲ. ಅದು ಮೇಜಿನ ಸುತ್ತ ಕೂತು ಆಡುವ ಒಂದು ಆಟದ ನಿಯಮಗಳ ಪುಸ್ತಕ. ಒಬ್ಬರು ಕಥೆ ಹೇಳುತ್ತಾ ಹೋಗಬೇಕು. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ತಾನು ಹೀಗೆ ಮಾಡುತ್ತೇನೆ ಎನ್ನಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ರಟ್ಟಣ್ಣ ನಿಘಂಟು ಇಟ್ಟುಕೊಂಡು ಎರಡು ವರ್ಷ ಅದನ್ನು ಓದಿದರು. ಆಮೇಲೆ ತಮ್ಮದೇ ಭಾಷೆಯಲ್ಲಿ, ತಾವೇ ಹೊಲಿದ ಉದ್ದನೆಯ ನೋಟ್‌ಬುಕ್ಕಿನಲ್ಲಿ, ದುಂಡಗಿನ ಅಕ್ಷರದಲ್ಲಿ ನಿಯಮಗಳನ್ನೆಲ್ಲ ಬರೆದರು. ಮೂಲ ಪುಸ್ತಕಕ್ಕೆ ರಟ್ಟು ಹಾಕಿ ಕಾಗದ ಸುತ್ತಿ ಅಟ್ಟದ ಮೇಲಿಟ್ಟರು. “ಅವರು ಯಾವತ್ತಾದ್ರೂ ಬಂದು ಕೇಳಿದ್ರೆ ಕೊಡ್ಬೇಕಲ್ಲ” ಎನ್ನುತ್ತಿದ್ದರು.

ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಮಡಿಚುವ ಮೇಜಿನ ಸುತ್ತ ನಾಲ್ಕು ಜನ ಕೂರುತ್ತಿದ್ದೆವು. ಕಥೆ ಹೇಳುವವರು ರಟ್ಟಣ್ಣ. ಎರಡನೆಯವರು ಲೆಕ್ಕದ ಮೇಷ್ಟ್ರು, ಶಾಲೆಯಿಂದ ನಿವೃತ್ತರಾದವರು, ಆಟದಲ್ಲೂ ದಾಳದ ಸಂಖ್ಯೆಯನ್ನು ಎರಡು ಸಲ ಕೂಡಿಸಿ ನೋಡುವವರು. ಮೂರನೆಯವಳು ಸೂಜಿಯಕ್ಕ. ನಾಲ್ಕನೆಯ ಕುರ್ಚಿ ನನ್ನದು.

ರಟ್ಟಣ್ಣನ ನೋಟ್‌ಬುಕ್ಕಿನಲ್ಲಿ ನಾಲ್ಕು ಕುಲಗಳಿದ್ದವು: ಮನುಷ್ಯರು, ಕಾಡಿನವರು, ಗಿಡ್ಡರು, ಬಾಯಲ್ಲಿ ಕೋರೆಹಲ್ಲಿರುವ ಕೋರೆಯವರು. ಒಂದು ಪುಟದಲ್ಲಿ ಗೆರೆ ಎಳೆದು ಯಾವ ಕುಲಕ್ಕೆ ಯಾವ ಆಯುಧ ಎಂದು ಬರೆದಿತ್ತು. ಕಾಡಿನವರಿಗೆ ಬಿಲ್ಲು ಮತ್ತು ಸಣ್ಣ ಕತ್ತಿ. ಗಿಡ್ಡರಿಗೆ ಕೊಡಲಿ. ಕೋರೆಯವರಿಗೆ ಗದೆ. ಬೇರೆ ಕುಲದ ಆಯುಧ ಎತ್ತಿಕೊಂಡರೆ ದಾಳದಲ್ಲಿ ಬಿದ್ದದ್ದರಲ್ಲಿ ನಾಲ್ಕು ಕಳೆಯಬೇಕು. ಆದರೆ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: “ಕೋರೆಯವರು ಬಿಲ್ಲನ್ನು ಮುಟ್ಟಲೇಕೂಡದು. ಅವರ ಬೆರಳು ದಪ್ಪ. ಹೆದೆಯು ಬೆರಳನ್ನು ಕತ್ತರಿಸುವುದು.” ನಾವು ಇದನ್ನು ಎಷ್ಟೋ ಸಲ ಓದಿದ್ದೆವು. ಯಾರಿಗೂ ಏನೂ ಅನ್ನಿಸಿರಲಿಲ್ಲ.

ಸೂಜಿಯಕ್ಕ ಕೋರೆಯವಳಾಗಿ ಐದು ವರ್ಷದಿಂದ ಆಡುತ್ತಿದ್ದಳು. ಅವಳು ಸೇರಿದ ದಿನ ಕಾಡಿನವರನ್ನು ಮೇಷ್ಟ್ರು, ಗಿಡ್ಡರನ್ನು ನಾನು ಆಗಲೇ ಹಿಡಿದುಕೊಂಡಿದ್ದೆವು, ಮನುಷ್ಯರನ್ನು ರಟ್ಟಣ್ಣ ಕಥೆಗೆಂದು ಇಟ್ಟುಕೊಂಡಿದ್ದರು. “ಮಿಕ್ಕಿದ್ದು ಕೊಡಿ” ಎಂದು ನಗುತ್ತಾ ತೆಗೆದುಕೊಂಡಿದ್ದಳು.

ಆ ಭಾನುವಾರದ ಕಥೆ ಹೀಗೆ ನಡೆದಿತ್ತು. ನಾವು ಮೂವರು ಒಂದು ಕಮರಿಯ ಅಂಚಿಗೆ ಬಂದಿದ್ದೆವು. ಸೇತುವೆ ಮುರಿದಿತ್ತು. ಹಿಂದಿನಿಂದ ಶತ್ರುಗಳು ಬರುತ್ತಿದ್ದರು. ಆಚೆ ದಡದ ಮರಕ್ಕೆ ಹಗ್ಗ ಕಟ್ಟಿದ ಬಾಣ ಬಿಟ್ಟರೆ ದಾಟಬಹುದಿತ್ತು. ಬಿಲ್ಲು ಇದ್ದದ್ದು ಕಾಡಿನವರಾದ ಮೇಷ್ಟ್ರ ಹತ್ತಿರ. ಅವರು ಪೆಟ್ಟು ತಿಂದು ಎಚ್ಚರ ತಪ್ಪಿ ಬಿದ್ದಿದ್ದರು. ನನ್ನ ಗಿಡ್ಡನ ಕೈಗೆ ಆ ಬಿಲ್ಲನ್ನು ಎಳೆಯುವಷ್ಟು ಉದ್ದವೇ ಇರಲಿಲ್ಲ.

“ನಾನು ಬಿಲ್ಲು ಎತ್ಕೊಳ್ತೀನಿ” ಎಂದಳು ಸೂಜಿಯಕ್ಕ.

“ಆಗಲ್ಲ” ಎಂದರು ರಟ್ಟಣ್ಣ.

“ನಾಲ್ಕು ಕಳೀರಿ.”

“ಕಳೆಯೋ ಮಾತೇ ಇಲ್ಲ ಸೂಜಿ. ಕೋರೆಯವರಿಗೆ ಬಿಲ್ಲು ಇಲ್ಲ. ಪುಸ್ತಕದಲ್ಲಿದೆ.”

“ಐದು ವರ್ಷದಿಂದ ಇವಳು ಈ ಕಾಡಿನವರ ಪಕ್ಕದಲ್ಲೇ ನಡೀತಿದಾಳೆ. ಅವರು ಹೆದೆ ಎಳೆಯೋದು ದಿನಾ ನೋಡಿದಾಳೆ. ಬಾಣ ಹೆಕ್ಕಿ ತಂದು ಕೊಟ್ಟಿದಾಳೆ. ತುದಿ ಮಸೆದು ಕೊಟ್ಟಿದಾಳೆ. ಇಷ್ಟಾದ್ರೂ ಒಂದ್ಸಲ ಕೈಗೆ ತಗೊಳ್ಳೋ ಹಾಗಿಲ್ವಾ?”

“ನೋಡಿದ್ರೆ ಬರಲ್ಲ. ಅದು ಹುಟ್ಟಿನಿಂದ ಬರ್ಬೇಕು.”

ಮೇಷ್ಟ್ರು ಕನ್ನಡಕ ಒರೆಸುತ್ತಾ, “ಅಲ್ಲಮ್ಮಾ, ಎಲ್ಲರೂ ಎಲ್ಲಾನೂ ಮಾಡಿದ್ರೆ ಕುಲ ಅಂತ ಯಾಕಿರ್ಬೇಕು? ನಮ್ಮ ಕಾಡಿನವರಿಗೆ ಅದೊಂದೇ ವಿಶೇಷ. ಅದನ್ನೂ ನಿಂಗೆ ಕೊಟ್ಬಿಟ್ರೆ ನಾವೇನು ಗಂಟೆ ಅಲ್ಲಾಡಿಸ್ಬೇಕಾ?” ಎಂದರು.

“ನೀವು ಮೂರ್ಛೆ ಹೋಗಿದೀರಿ ಮೇಷ್ಟ್ರೇ. ಮಾತಾಡ್ಬೇಡಿ.”

ನಾನು ನಕ್ಕೆ. ರಟ್ಟಣ್ಣ ನಗಲಿಲ್ಲ. ಸೂಜಿಯಕ್ಕ ದಾಳವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು.

“ರಟ್ಟಣ್ಣ, ನನ್ನನ್ನ ಗೆಲ್ಲಿಸಿ ಅಂತ ನಾನು ಕೇಳ್ತಿಲ್ಲ. ಬಾಣ ಕಮರಿಗೇ ಬೀಳ್ಲಿ. ದಾಳ ಹಾಕೋಕೆ ಬಿಡಿ ಅಂತಿದೀನಿ ಅಷ್ಟೇ.”

“ಆಗಲ್ಲ ಅಂದ್ನಲ್ಲ.”

ಅವಳು ದಾಳವನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಎತ್ತಿ, ಬೆರಳುಗಳನ್ನು ಅಗಲಿಸಿ ತೋರಿಸಿದಳು. ಸಣ್ಣ ಉದ್ದನೆಯ ಬೆರಳುಗಳು. ತೋರುಬೆರಳಿನಲ್ಲಿ ದಾರ ಎಳೆದ ಗುರುತು. “ಇವು ದಪ್ಪಾನಾ?” ಎಂದು ಕೇಳಿದಳು. ಅವಳು ಚಪ್ಪಲಿ ಮೆಟ್ಟಿಕೊಂಡು ಶಟರಿನ ಕೆಳಗೆ ಬಗ್ಗಿ ಹೊರಟುಹೋದಳು.

ನಾನು ಆಗ ಇದನ್ನು ಆಟದ ಜಗಳ ಎಂದುಕೊಂಡೆ. ಆದರೆ ಹಿಂದಿನ ವಾರದಿಂದಲೇ ಅಂಗಡಿಯ ಹೊರಗೆ ಒಂದು ಬೋರ್ಡು ನೇತಾಡುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕಿತ್ತು. “ಕಟಿಂಗ್ ಕೆಲಸಕ್ಕೆ ಗಂಡಾಳು ಬೇಕು.”

ರಟ್ಟಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ತಿಂಗಳು ಶಾಲೆಯೊಂದರ ಹಾಜರಿ ಪುಸ್ತಕಗಳನ್ನು ಅವರು ಓರೆಯಾಗಿ ಕತ್ತರಿಸಿದ್ದರು. ಕೊನೆಯ ಕಾಲಂ ಅರ್ಧ ಹೋಗಿತ್ತು. ಎಲ್ಲವನ್ನೂ ಹೊಸದಾಗಿ ಮಾಡಿಕೊಡಬೇಕಾಯಿತು. ಬೋರ್ಡು ನೋಡಿ ಮೂವರು ಬಂದರು. ರಟ್ಟಣ್ಣ ಪ್ರತಿಯೊಬ್ಬರಿಗೂ ಒಂದೇ ಪರೀಕ್ಷೆ ಕೊಟ್ಟರು. ರದ್ದಿ ಕಾಗದದ ಇನ್ನೂರು ಹಾಳೆ, ಪೆನ್ಸಿಲಿನಲ್ಲಿ ಗುರುತು, ಮೂರು ದಿನದ ಅವಕಾಶ. ಅಳತೆಗೆ ಮೇಷ್ಟ್ರು. ಒಬ್ಬ ಒಂದೇ ದಿನಕ್ಕೆ ಹೋದ. ಒಬ್ಬ ಕೊಕ್ಕೆ ಹಾಕದೆ ಕೈ ಒಳಗಿಟ್ಟ. ರಟ್ಟಣ್ಣ ಬೆವೆತುಹೋಗಿ ಅವನನ್ನು ಆಗಲೇ ಕಳಿಸಿದರು. ಮೂರನೆಯವನು ಮೂರು ದಿನವೂ ಓರೆ ಕತ್ತರಿಸಿದ.

ಆಟದ ಮರುದಿನ, ಸೋಮವಾರ ಬೆಳಿಗ್ಗೆ ಸೂಜಿಯಕ್ಕ ಕೇಳಿದಳು. ಅದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

“ಹೊರಗಿನವರನ್ನ ಯಾಕೆ ಹುಡುಕ್ತೀರಿ? ನಾನಿದೀನಲ್ಲ. ಆ ಮಷಿನ್ ಏನ್ಮಾಡುತ್ತೆ ಅಂತ ಹದಿನಾರು ವರ್ಷದಿಂದ ಇಲ್ಲೇ ಕೂತು ನೋಡ್ತಿದೀನಿ. ಯಾವ ಕಟ್ಟಿಗೆ ಬ್ಲೇಡು ಹೇಗೆ ಶಬ್ದ ಮಾಡುತ್ತೆ ಅಂತ್ಲೂ ಗೊತ್ತು.”

“ಬೇಡ ಸೂಜಿ. ನಿಮ್ಮಮ್ಮಂಗೆ ಆಗಿದ್ದು ಸಾಕು.”

“ಅಮ್ಮ ಕೊಕ್ಕೆ ಮರೆತಳು. ನಾನು ಮರೆಯಲ್ಲ.”

“ಅದು ಕೊಕ್ಕೆ ಮಾತಲ್ಲ. ಕೆಲವು ಕೈಗೆ ಕೆಲವು ಕೆಲಸ ಅಂತ ಇರುತ್ತೆ. ನಿನ್ನ ಕೈ ಹೊಲಿಗೆ ಕೈ. ಬಿಟ್ಬಿಡು.”

ಸೂಜಿಯಕ್ಕ ತನ್ನ ಸ್ಟೂಲಿಗೆ ಹೋಗಿ ಹನ್ನೊಂದು ಪುಸ್ತಕ ಹೊಲಿದಳು. ಸಂಜೆ ಏಳುವಾಗ ಹೇಳಿದಳು. “ಈ ತಿಂಗಳು ಮುಗಿಯೋವರೆಗೆ ಬರ್ತೀನಿ ರಟ್ಟಣ್ಣ. ರೈಲು ನಿಲ್ದಾಣದ ಹಿಂದೆ ಹೊಸ ಪ್ರೆಸ್ ಆಗಿದೆ. ಅಲ್ಲಿ ಮಷಿನ್ ಕಲಿಸ್ತಾರಂತೆ. ನಿಮ್ಮ ಭಾನುವಾರಕ್ಕೂ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ರಟ್ಟಣ್ಣನಿಗೆ ಅದು ಎಂಥ ಪೆಟ್ಟು ಎಂದು ಹೇಳುವುದು ಕಷ್ಟ. ಅವಳ ಹೊಲಿಗೆ ಇಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬುದು ಒಂದು. ಆದರೆ ಅದಷ್ಟೇ ಆಗಿರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಅವಳು ಆ ಅಂಗಡಿಯಲ್ಲಿ ಬೆಳೆದವಳು. ಕಾಗದದ ಚೂರುಗಳ ರಾಶಿಯಲ್ಲಿ ಮಲಗುತ್ತಿದ್ದಳಂತೆ. ಆ ವಾರವೆಲ್ಲ ಅವರು ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು ಎಂದು ಅಕ್ಕ ಹೇಳಿದರು.

ಮೇಷ್ಟ್ರು ಇದನ್ನು ಸರಿಮಾಡಲು ಹೊರಟರು. ಅವರಿಗೆ ಇಡೀ ಜಗಳ ಬಿಲ್ಲಿನದು ಎಂದೇ ಅನ್ನಿಸಿತ್ತು. ಒಂದು ನಿಯಮಕ್ಕೆ ಮೂಲ ತೋರಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟವರು ನಂಬಿದ್ದರು. ಮುಂದಿನ ಭಾನುವಾರ ಸೂಜಿಯಕ್ಕನ ಮನೆಗೆ ತಾವೇ ಹೋಗಿ, “ಹತ್ತು ನಿಮಿಷ ಬಾರಮ್ಮ, ನನ್ನ ಮರ್ಯಾದೆಗಾದ್ರೂ ಬಾ” ಎಂದು ಕರೆತಂದರು. ಏಣಿ ಹಾಕಿ ನನ್ನಿಂದ ಅಟ್ಟದ ಮೇಲಿನ ಪುಸ್ತಕವನ್ನು ಇಳಿಸಿದರು.

ರಟ್ಟಣ್ಣ, “ಅದ್ಯಾಕೆ ಈಗ, ಧೂಳು” ಎಂದರು. ಮೇಷ್ಟ್ರು ಕೇಳಲಿಲ್ಲ. ಆಯುಧಗಳ ಪುಟ ಹುಡುಕಿ, ಬೆರಳಿಟ್ಟು ಒಂದೊಂದೇ ಸಾಲನ್ನು ಜೋರಾಗಿ ನಮ್ಮ ಭಾಷೆಗೆ ಹೇಳುತ್ತಾ ಹೋದರು.

“ಕಾಡಿನವರಿಗೆ ಬಿಲ್ಲು, ಸಣ್ಣ ಕತ್ತಿ. ಸರಿ. ಗಿಡ್ಡರಿಗೆ ಕೊಡಲಿ. ಸರಿ. ಕೋರೆಯವರಿಗೆ ಗದೆ. ನೋಡಮ್ಮ, ಇಲ್ಲೂ ಗದೆ. ಬೇರೆ ಆಯುಧಕ್ಕೆ ನಾಲ್ಕು ಕಳೀಬೇಕು. ಸರಿ. ಆಮೇಲೆ...”

ಅವರು ಹಾಳೆ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಏನ್ರೀ ರಟ್ಟಣ್ಣ, ಬಿಲ್ಲು ಮುಟ್ಟಲೇಕೂಡದು ಅನ್ನೋದು ಎಲ್ಲಿದೆ?”

“ಅಲ್ಲೇ ಇದೆ. ಕೊನೇಲಿ.”

“ಇಲ್ವಲ್ಲ. ನಾಲ್ಕು ಕಳೆಯೋದಕ್ಕೇ ಮುಗೀತು. ಬೆರಳು ದಪ್ಪ, ಹೆದೆ ಕತ್ತರಿಸುತ್ತೆ, ಅದ್ಯಾವುದೂ ಇಲ್ಲಿಲ್ಲ.”

“ಸರಿಯಾಗಿ ನೋಡಿ ಮೇಷ್ಟ್ರೇ.”

“ನಾನು ನೋಡಿದ್ದು ಸರಿಯಾಗೇ ಇದೆ. ನೀವೇ ನೋಡಿ.”

ರಟ್ಟಣ್ಣ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಕಿಟಕಿಯ ಬಳಿಗೆ ಹೋಗಿ ಬಹಳ ಹೊತ್ತು ನೋಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಆ ಸಾಲನ್ನು ತಾವು ಅಲ್ಲಿಂದಲೇ ತಂದದ್ದು ಎಂದು ಇಪ್ಪತ್ತು ವರ್ಷದಿಂದ ಅವರೂ ನಂಬಿದ್ದರು. ಅವರ ಮುಖ ಬದಲಾದದ್ದು ಪುಟ ನೋಡಿದಾಗ ಅಲ್ಲ, ತಮ್ಮ ನೋಟ್‌ಬುಕ್ಕಿನ ಆ ಸಾಲನ್ನು ಸೂಜಿಯಕ್ಕ ಜೋರಾಗಿ ಓದಿದಾಗ.

“‘ಹೆದೆಯು ಬೆರಳನ್ನು ಕತ್ತರಿಸುವುದು.’ ಇದು ನೀವೇ ಬರ್ದಿದ್ದಾ ರಟ್ಟಣ್ಣ? ಯಾರ ಬೆರಳು?”

ರಟ್ಟಣ್ಣ ಕೂತರು. ಕೂತವರು ನಮ್ಮ ಯಾರನ್ನೂ ನೋಡದೆ ಮಷಿನ್ನಿನ ಕಡೆ ನೋಡುತ್ತಾ ಹೇಳಿದರು.

“ನಿಮ್ಮಮ್ಮ ಕೊಕ್ಕೆ ಹಾಕಿದ್ರು.”

ಸೂಜಿಯಕ್ಕ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ರಟ್ಟಣ್ಣ ಮುಂದುವರಿಸಿದರು.

“ನಂಗಾಗ ಇಪ್ಪತ್ತೊಂದು. ನಿಮ್ಮಮ್ಮ ನನಗಿಂತ ಚೆನ್ನಾಗಿ ಕಟ್ ಮಾಡೋರು. ಅಪ್ಪ ಗಿರಾಕಿಗಳ ಎದುರಿಗೇ ಹೇಳೋರು, ಲೋ, ಅವಳ ಕೈ ನೋಡಿ ಕಲಿ ಅಂತ. ಅವತ್ತು ಅಪ್ಪ ಇರ್ಲಿಲ್ಲ. ಕೆಲಸ ಅವಸರದ್ದು. ಅವರು ತಲೆ ಬಗ್ಗಿಸಿ ಕಟ್ಟು ಸರಿಮಾಡ್ತಾ ಇದ್ರು, ನಾನು ಲಿವರ್ ಹತ್ರ ಬಂದಿದ್ದು ಅವರಿಗೆ ಕಾಣ್ಲಿಲ್ಲ. ತುಂಬಾ ನಿಧಾನ ಅನ್ನಿಸ್ತು ನಂಗೆ. ಕೈ ಹೊರಗೆ ಬಂತು ಅಂದ್ಕೊಂಡೆ. ಕೊಕ್ಕೆ ತೆಗ್ದು ಎಳೆದೆ. ನಾನೇ ಎಳೆದೆ.”

ಕೈಯಲ್ಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟು ಹೇಳಿದರು. “ಅಪ್ಪ ಬಂದು ಕೇಳಿದಾಗ, ಕೊಕ್ಕೆ ಹಾಕಿರ್ಲಿಲ್ಲ, ಲಿವರ್ ತಾನೇ ಬಿತ್ತು ಅಂದ್ಬಿಟ್ಟೆ. ಆಸ್ಪತ್ರೆಯಲ್ಲಿ ನಿಮ್ಮಮ್ಮಂಗೂ ಅಪ್ಪ ಹಾಗೇ ಹೇಳಿದ್ರು. ಅವರು ನಂಬಿದ್ರು. ಇನ್ಮೇಲೆ ಹೆಂಗಸರು ಮಷಿನ್ ಮುಟ್ಟಬಾರದು ಅಂತ ಅಪ್ಪ ನಿಯಮ ಮಾಡಿದ್ರು. ನಂಗೆ ಸಮಾಧಾನ ಆಯ್ತು. ನಿಮ್ಮಮ್ಮನ ಕೈಯದ್ದೇ ತಪ್ಪು ಅಂತ ಎಲ್ಲರೂ ಹೇಳ್ತಿದ್ರೆ, ಒಂದೊಂದ್ಸಲ ನಂಗೂ ಹಾಗೇ ಅನ್ನಿಸ್ತಿತ್ತು.”

ಸೂಜಿಯಕ್ಕ ಅಳಲಿಲ್ಲ. ಅವಳ ಧ್ವನಿ ಬಹಳ ಮೆತ್ತಗಾಗಿತ್ತು, ಅದಕ್ಕೇ ಕೇಳಲು ಭಯವಾಯಿತು.

“ನಮ್ಮಮ್ಮ ಇವತ್ತಿಗೂ ಸ್ಟವ್ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡ್ತಾಳೆ. ಚಿಲಕ ಹಾಕಿ ಮಲಗ್ತಾಳೆ, ಮತ್ತೆ ಎದ್ದು ಹೋಗಿ ಮುಟ್ಟಿ ನೋಡ್ತಾಳೆ. ನಾನೊಂದು ಮರೆವಿನ ಮುಂಡೇದು ಅಂತ ತನಗೆ ತಾನೇ ಬೈಕೊಳ್ತಾಳೆ. ಮೂವತ್ತೊಂದು ವರ್ಷ ರಟ್ಟಣ್ಣ. ಮಷಿನ್ ಮುಟ್ಟಲ್ಲ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದಾಳೆ. ನಿನ್ನ ಕೈನೂ ನನ್ನ ಕೈ ಥರಾನೇ ಅಂತಾಳೆ.”

“ಮಷಿನ್ ನೀನೇ ತಗೋ ಸೂಜಿ. ನಾಳೆಯಿಂದ್ಲೇ.”

“ನಿಮ್ಮ ಪಾಪ ಇಳಿಸ್ಕೊಳ್ಳೋಕೆ ನಂಗೆ ಏನೂ ಕೊಡ್ಬೇಡಿ. ಮೊದಲು ಬಂದು ಅವಳಿಗೆ ಹೇಳಿ.”

ಅವರು ಅಂದೇ ಹೋದರು. ನಾನು ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಸೂಜಿಯಕ್ಕ ಒಂದೇ ಸಲ, ಬಹಳ ಕಡಿಮೆ ಮಾತಿನಲ್ಲಿ ಹೇಳಿದಳು. ಎರಡು ಕೋಣೆಯ ಮನೆ. ಅಮ್ಮ ಹಾಸಿಗೆಯ ಮೇಲೆ ಬಟ್ಟೆ ಮಡಿಚುತ್ತಾ ಕೂತಿದ್ದರು. “ಬನ್ನಿ ಚಿಕ್ಕ ಯಜಮಾನ್ರೇ, ಕೂತ್ಕೊಳ್ಳಿ” ಎಂದು ಸ್ಟೂಲು ಎಳೆದರು. ರಟ್ಟಣ್ಣ ಕೂರದೆ, ನಿಂತೇ ಎಲ್ಲವನ್ನೂ ಹೇಳಿದರು. ಅಮ್ಮ ಬಟ್ಟೆ ಮಡಿಚುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಕೊಕ್ಕೆ ಹಾಕಿದ್ನಾ ನಾನು?”

“ಹಾಕಿದ್ರಿ.”

“ನೀವು ನೋಡಿದ್ರಾ?”

“ನಾನೇ ತೆಗೆದಿದ್ದು.”

ಅಮ್ಮ ಮಡಿಚಿದ ಬಟ್ಟೆಯನ್ನು ಬಿಚ್ಚಿದರು, ಮತ್ತೆ ಮಡಿಚಿದರು. “ಸರಕಾರಿ ಪ್ರೆಸ್ಸಿನವರು ಕಟಿಂಗ್‌ಗೆ ಕರೆದಿದ್ರು ನನ್ನ. ನಿಮಗೆ ಗೊತ್ತಿತ್ತಾ? ಕೈ ವಾಸಿಯಾದ ಮೇಲೂ ಬಾ ಅಂದ್ರು. ಮೂರು ಬೆರಳಿದ್ರೂ ಸಾಕು, ನಿನ್ನ ಕಣ್ಣು ಚೆನ್ನಾಗಿದೆ ಅಂದ್ರು. ನಾನು ಮರೆಯೋಳು, ಬೇರೆಯವರ ಬೆರಳು ತೆಗೆದ್ರೆ ಏನ್ಗತಿ ಅಂತ ಹೋಗ್ಲಿಲ್ಲ.” ಆಮೇಲೆ, “ಈಗ ಹೇಳಿದ್ರೆ ನಾನೇನ್ಮಾಡ್ಲಿ ಇದನ್ನ? ಹೋಗಿ” ಎಂದರು. ರಟ್ಟಣ್ಣ ಹೋದರು.

ಸೋಮವಾರ ಬೋರ್ಡು ಇರಲಿಲ್ಲ. ಸೂಜಿಯಕ್ಕ ಬಂದವಳೇ ಅದನ್ನು ಗಮನಿಸಿದಳು.

“ಯಾಕೆ ತೆಗೆದ್ರಿ?”

“ನೀನಿದೀಯಲ್ಲ.”

“ಹಾಕಿ ವಾಪಸ್. ‘ಗಂಡಾಳು’ ಅನ್ನೋದನ್ನ ಹೊಡ್ದು ಹಾಕಿ. ಬಂದೋರಿಗೆಲ್ಲ ಏನು ಪರೀಕ್ಷೆ ಕೊಟ್ರೋ ನಂಗೂ ಅದೇ ಕೊಡಿ. ಇನ್ನೂರು ಹಾಳೆ, ಮೂರು ದಿನ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡಿ, ನಾನು ಹೊಸ ಪ್ರೆಸ್ಸಿಗೆ ಹೋಗ್ತೀನಿ.”

ರಟ್ಟಣ್ಣ ಬೋರ್ಡಿನಲ್ಲಿ ‘ಗಂಡಾಳು’ ಅಳಿಸಿ ‘ಜನ’ ಎಂದು ಬರೆದರು. ಅಕ್ಷರ ದೊಡ್ಡದಾಗಿ, ಓರೆಯಾಗಿ ಬಂತು.

ಮೊದಲ ದಿನ ಅವಳು ಕಟ್ಟನ್ನು ತಟ್ಟಿ ಸಮ ಮಾಡಿ, ಕೊಕ್ಕೆ ಹಾಕಿ, ಒಳಗೆ ಇಟ್ಟು, ಚಕ್ರ ತಿರುಗಿಸಿ, ಕೈ ಹೊರಗೆ ತೆಗೆದು ಕೊಕ್ಕೆ ಬಿಚ್ಚಿದಳು. ರಟ್ಟಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಮಾರು ದೂರ ನಿಂತಿದ್ದರು. ಅವಳು ಲಿವರ್ ಎಳೆದಳು, ಬ್ಲೇಡು ಇಳಿಯಿತು. ಮೇಷ್ಟ್ರು ಅಳತೆಪಟ್ಟಿ ಇಟ್ಟರು. ಅವರು ಯಾರ ಮುಖವನ್ನೂ ನೋಡಲಿಲ್ಲ.

“ಬಲಗಡೆ ಎರಡು ಮಿಲಿಮೀಟರ್ ಹೆಚ್ಚು ಹೋಗಿದೆ.”

“ಫೇಲಾ?”

“ಫೇಲು ಕಣಮ್ಮ.”

ಎರಡನೆಯ ದಿನವೂ ಹಾಗೇ ಆಯಿತು. ಒಂದೂವರೆ ಮಿಲಿಮೀಟರ್. ರಟ್ಟಣ್ಣ ಬಾಯಿ ತೆರೆದರು. ಸೂಜಿಯಕ್ಕ ಕೈಯೆತ್ತಿ, “ಆ ಮೂವರಿಗೂ ಹೇಳಿಕೊಟ್ಟಿದ್ರಾ? ಇಲ್ವಲ್ಲ. ಸುಮ್ನಿರಿ” ಎಂದಳು.

ಆ ಸಂಜೆ ಅವಳು ಮನೆಯಲ್ಲಿ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅಮ್ಮ ನೋಡಿದರು. ಎರಡು ದಿನದಿಂದ ಅವರು ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಮಗಳು ಆಣೆ ಮುರಿದು ಮಷಿನ್ ಮುಟ್ಟಿದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಬೈಯುತ್ತಾರೆ ಎಂದು ಸೂಜಿಯಕ್ಕ ಕಾಯುತ್ತಿದ್ದಳು.

“ಲಿವರ್ ಕೊನೇಲಿ ಬಲಕ್ಕೆ ಎಳೆಯುತ್ತಾ?” ಎಂದು ಕೇಳಿದರು ಅಮ್ಮ.

“ಹೂಂ.”

“ನೀನು ಎಲ್ಲಿ ನಿಲ್ತೀಯ?”

“ನೇರಕ್ಕೆ. ರಟ್ಟಣ್ಣ ನಿಲ್ಲೋ ಹಾಗೆ.”

“ಅವನು ಎತ್ತರ. ನಾವು ಹಾಗೆ ನಿಂತ್ರೆ ಮೈ ಪೂರ್ತಿ ಲಿವರಿಗೆ ಜೋತು ಬೀಳುತ್ತೆ, ಮಷಿನ್ನೇ ಅಲುಗುತ್ತೆ, ಕಟ್ಟು ಒಳಗೇ ಜಾರುತ್ತೆ. ಒಂದು ಹೆಜ್ಜೆ ಎಡಕ್ಕೆ ನಿಲ್ಲು. ಎಡಗಾಲು ಮುಂದೆ. ಚಕ್ರ ಇನ್ನರ್ಧ ಸುತ್ತು ಜಾಸ್ತಿ ಬಿಗಿ ಮಾಡು. ತೋಳಲ್ಲಿ ಎಳೀಬೇಡ, ಸೊಂಟದಲ್ಲಿ ಎಳಿ.” ಅವರು ಎದ್ದು ನಿಂತು, ಅಡುಗೆಮನೆಯ ಬಾಗಿಲಲ್ಲಿ, ಇಲ್ಲದ ಲಿವರನ್ನು ಮೂರೇ ಬೆರಳು ಸರಿಯಾಗಿದ್ದ ಕೈಯಲ್ಲಿ ಹಿಡಿದು ತೋರಿಸಿದರು. ಸೂಜಿಯಕ್ಕ ಪಕ್ಕದಲ್ಲಿ ನಿಂತು ಹಾಗೇ ಮಾಡಿದಳು. “ಹಾಗಲ್ಲ ಕತ್ತೆ, ಕಾಲು ಮುಂದೆ” ಎಂದು ಅಮ್ಮ ಅವಳ ಮಂಡಿಗೆ ತಟ್ಟಿದರು.

ಮೂರನೆಯ ದಿನ ಮೇಷ್ಟ್ರು ನಾಲ್ಕು ಮೂಲೆಗೂ ಪಟ್ಟಿ ಇಟ್ಟು, ಸಾಲದೆ ಹಾಳೆಗಳನ್ನು ತಿರುಗಿಸಿ ಮತ್ತೆ ಇಟ್ಟು ನೋಡಿದರು. “ಗುರುತಿನ ಮೇಲೇ ಇದೆ” ಎಂದರು. ರಟ್ಟಣ್ಣ ತಾವೂ ಬಂದು ಅಂಚಿನ ಮೇಲೆ ಬೆರಳಾಡಿಸಿದರು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಹೊರಗೆ ಹೋಗಿ ಬೋರ್ಡು ಇಳಿಸಿದರು.

ಸೂಜಿಯಕ್ಕ ಹೊಸ ಪ್ರೆಸ್ಸಿಗೆ ಹೋಗಲಿಲ್ಲ. ಭಾನುವಾರದ ಆಟ ಎರಡು ತಿಂಗಳು ನಿಂತು ಮತ್ತೆ ಶುರುವಾಗಿದೆ. ನೋಟ್‌ಬುಕ್ಕಿನ ಆ ಕೊನೆಯ ಸಾಲನ್ನು ರಟ್ಟಣ್ಣ ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಕೋರೆಯವಳು ಬಾಣ ಬಿಟ್ಟಳು. ಐದು ಬಿತ್ತು, ಅದರಲ್ಲಿ ನಾಲ್ಕು ಕಳೆದು ಒಂದು ಉಳಿಯಿತು, ಬಾಣ ಕಮರಿಗೆ ಹೋಯಿತು. ನಾವು ಮೂವರೂ ಸೆರೆ ಸಿಕ್ಕೆವು. ಮೇಷ್ಟ್ರು ಇನ್ನೂ ಗೊಣಗುತ್ತಾರೆ. ರಟ್ಟಣ್ಣ ಮೊದಲಿನ ಹಾಗೆ ಕಥೆ ಹೇಳುವುದಿಲ್ಲ. ಯಾವುದಾದರೂ ನಿಯಮ ಹೇಳುವ ಮುಂಚೆ ನಿಲ್ಲಿಸಿ, ಇದು ಎಲ್ಲಿಂದ ಬಂತು ಎಂದು ತಾವೇ ಯೋಚಿಸುತ್ತಾ ಕೂತುಬಿಡುತ್ತಾರೆ. ಆಟ ಮುಂದೆ ಹೋಗುವುದಿಲ್ಲ.

ಕಣ್ಣಿನ ಆಪರೇಷನ್ ಆದ ಮೇಲೆ ಅವರು ಎರಡು ಸಲ ಸೂಜಿಯಕ್ಕನ ಮನೆಗೆ ಹೋದರು. ಎರಡು ಸಲವೂ ಅಮ್ಮ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಎರಡನೆಯ ಸಲ ಒಳಗಿನಿಂದಲೇ ಮಗಳಿಗೆ, “ಮಷಿನ್ ಬ್ಲೇಡು ಸಾಣೆಗೆ ಹಾಕ್ಸೋಕೆ ಹೇಳು ಅವನಿಗೆ. ನಿನ್ನ ಭುಜ ನೋಯುತ್ತೆ” ಎಂದರು. ರಟ್ಟಣ್ಣ ಹೊಸ್ತಿಲಲ್ಲಿ ನಿಂತು, “ಹಾಕಿಸ್ತೀನಮ್ಮ” ಎಂದರು. ಆಗಲೇ ಬ್ಲೇಡು ಬಿಚ್ಚಲು ಅಂಗಡಿಗೆ ಹೋದರು.